ಹಾಲೇರಿಯ ಕೊನೆಯ ಅರಸು ಚಿಕ್ಕವೀರರಾಜೇಂದ್ರ

ಕಾಮ ಕ್ರೋಧ ಲೋಭ ಮೋಹ ಮದ ಮಾತ್ಸರ್ಯಗಳೆಂಬ ಅರಿಷಡ್ವರ್ಗದಲ್ಲಿ ಮಾತ್ಸರ್ಯಕ್ಕೆ ಕಡೆಯ ಸ್ಥಾನವನ್ನು ಕೊಟ್ಟಿರುವುದು ಅದು ಅಲ್ಪವಾದುದೆಂಬ ಕಾರಣದಿಂದಲ್ಲ. ಮಿಕ್ಕ ಐದೂ ಒಬ್ಬಂಟಿಗನ ಎದೆಯಲ್ಲಿಯೂ ಹುಟ್ಟಬಲ್ಲವು. ಮಾತ್ಸರ್ಯಕ್ಕಾದರೋ ಎರಡನೆಯವನೊಬ್ಬನು ಬೇಕು. ಹಸ್ತಿನಾವತಿಯ ಐಶ್ವರ್ಯವನ್ನೆಲ್ಲ ಕೈಯಲ್ಲಿರಿಸಿಕೊಂಡಿದ್ದ ದುರ್ಯೋಧನನಿಗೆ ಇಂದ್ರಪ್ರಸ್ಥದ ಸಭಾಭವನವನ್ನು ಕಂಡ ದಿನದಿಂದ ಅನ್ನ ಸೇರದಾಯಿತು. ಅವನಿಗೆ ಬೇಕಾದುದು ಒಂದು ಸಭಾಭವನವಲ್ಲ, ಧರ್ಮರಾಯನ ಸಭಾಭವನ. ಅಲ್ಲಮಪ್ರಭುದೇವರು ಮಾಯೆಯನ್ನು ಹೊನ್ನಿನಲ್ಲಿಯೂ ಮಣ್ಣಿನಲ್ಲಿಯೂ ಹುಡುಕದೆ ಮನಸ್ಸಿನ ಆಶೆಯಲ್ಲಿ ಗುರುತಿಸಿದರೆಂಬುದು ವಾಚಕರಿಗೆ ವಿದಿತವಾದ ವಿಷಯ. ಆ ಆಶೆಯಾದರೂ ಬಹುಮಟ್ಟಿಗೆ ನೆರೆಯವನ ಕೈಯನ್ನು ನೋಡಿ ಕಲಿತ ಆಶೆ. ಒಂದೇ ಮನೆಯಲ್ಲಿ ಹುಟ್ಟಿ, ಒಂದೇ ಇಷ್ಟಲಿಂಗದೀಕ್ಷೆಯನ್ನು ಪಡೆದು, ಒಂದೇ ಗದ್ದುಗೆಯನ್ನು ನೋಡುತ್ತ ಬೆಳೆದವರಲ್ಲಿ ಈ ಕಲಿಕೆ ಎಷ್ಟು ಬೇಗ ಆಗುವುದೆಂಬುದಕ್ಕೆ ಕೊಡಗಿನ ಅರಸುಮನೆಯ ಕಥೆಗಿಂತ ಬೇರೆ ನಿದರ್ಶನ ಬೇಡ.

ಕೊಡಗನ್ನು ಸುಮಾರು ಇನ್ನೂರು ವರುಷಗಳ ಕಾಲ ಆಳಿದ ಹಾಲೇರಿ ವಂಶದವರು ವೀರಶೈವರು. ಇಕ್ಕೇರಿಯ ಅರಸುಮನೆತನಕ್ಕೆ ಸಂಬಂಧಪಟ್ಟವನೊಬ್ಬನು ಜಂಗಮವೇಷದಿಂದ ಬಂದು ಹಾಲೇರಿಯಲ್ಲಿ ನೆಲಸಿ, ನಾಡವರ ವಿಶ್ವಾಸವನ್ನು ಸಂಪಾದಿಸಿ, ಕ್ರಮೇಣ ಪ್ರಭುವಾದನೆಂದು ಪರಂಪರೆಯ ಹೇಳಿಕೆ. ಬೇಡುವವನ ವೇಷದಿಂದ ಬಂದವನು ಆಳುವವನಾದನೆಂಬುದನ್ನು ವಂಶದವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು. ಆ ವೇಷದ ಅರ್ಥವೇನೆಂಬುದನ್ನು ಮಾತ್ರ ಮುಂದಿನವರು ಅಷ್ಟಾಗಿ ವಿಚಾರಿಸಿದಂತೆ ಕಾಣುವುದಿಲ್ಲ. 1681ರಲ್ಲಿ ಮುದ್ದುರಾಜನು ರಾಜಧಾನಿಯನ್ನು ಮಡಿಕೇರಿಗೆ ತಂದನು. ವಂಶವು ಹಾಲೇರಿ, ಹೊರಮಲೆ ಎಂಬ ಎರಡು ಕವಲುಗಳಾಗಿ ಒಡೆಯಿತು.

1770ರಲ್ಲಿ ಎರಡೂ ಕವಲುಗಳ ಹಿರಿಯರು ತೀರಿಕೊಳ್ಳಲು, ಗದ್ದುಗೆ ಯಾರಿಗೆಂಬ ವ್ಯಾಜ್ಯ ಹುಟ್ಟಿತು. ಹೊರಮಲೆಯ ದೇವಪ್ಪರಾಜನು ಪಟ್ಟವೇರಿದನು. ಹಾಲೇರಿಯ ಲಿಂಗರಾಜನು ಓಡಿಹೋಗಿ ಶ್ರೀರಂಗಪಟ್ಟಣದ ಹೈದರ ಆಲಿಯ ಮೊರೆಹೊಕ್ಕನು. ಹೈದರನು ಬಂದನು, ದೇವಪ್ಪರಾಜನು ಅಳಿದನು, ಹಾಲೇರಿಯವರಿಗೆ ಗದ್ದುಗೆ ದೊರೆಯಿತು, ಕಪ್ಪವನ್ನು ಕೊಡುವ ಕರಾರಿನ ಮೇಲೆ. ಇಬ್ಬರು ಒಂದನ್ನೇ ಬಯಸಿ ಹೋರಾಡುವಲ್ಲಿ ಮೂರನೆಯವನಿಗೆ ಬಾಗಿಲು ತೆರೆಯುವುದೆಂಬ ಪಾಠವನ್ನು ಕೊಡಗು ಕಲಿಯಬೇಕಾಗಿದ್ದುದು ಆಗಲೇ. 1780ರಲ್ಲಿ ಆ ಲಿಂಗರಾಜನು ಗತಿಸಿದಾಗ, ಮಕ್ಕಳು ಪ್ರಾಯಕ್ಕೆ ಬರುವವರೆಗೆ ನಾಡನ್ನು ತಾನೇ ನೋಡಿಕೊಳ್ಳುವೆನೆಂಬ ನೆವದಿಂದ ಹೈದರನು ಕೊಡಗನ್ನೇ ನುಂಗಿದನು. ಅರಸುಮಕ್ಕಳು ಗೊರೂರಿನಲ್ಲಿಯೂ ತರುವಾಯ ಪಿರಿಯಾಪಟ್ಟಣದಲ್ಲಿಯೂ ಸೆರೆಯಾಳುಗಳಾಗಿ ಬೆಳೆದರು.

ಅವರಲ್ಲಿ ಹಿರಿಯನಾದ ದೊಡ್ಡವೀರರಾಜೇಂದ್ರನು 1788ರ ಡಿಸೆಂಬರಿನಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದು, ಕೊಡವರ ಸಹಾಯದಿಂದ ಟಿಪ್ಪುವಿನ ದಂಡನ್ನು ಹೊರದೂಡಿ, 1790ರಲ್ಲಿ ಆಂಗ್ಲರ ಕುಂಪಣಿಯೊಡನೆ ಒಪ್ಪಂದ ಮಾಡಿಕೊಂಡು, ನಾಡನ್ನು ಮತ್ತೆ ಕಟ್ಟಿದನು. ವೀರರಾಜೇಂದ್ರಪೇಟೆಯೂ ಕಕ್ಕಬ್ಬೆಯ ಸಮೀಪದ ನಾಲ್ಕುನಾಡು ಅರಮನೆಯೂ ಅವನ ಕೃತಿಗಳು. ಅವನ ಪರಾಕ್ರಮವು ಬೇರೆಯಾಗಿಯೇ ಬರೆಯತಕ್ಕ ವಿಷಯವಾದುದರಿಂದ ಇಲ್ಲಿ ಬಿಡಬೇಕಾಗಿದೆ. ಪ್ರಕೃತಕ್ಕೆ ಬೇಕಾದುದು ಇಷ್ಟು: ರಾಣಿ ಮಹಾದೇವಮ್ಮಾಜಿಯಲ್ಲಿ ಅವನಿಗೆ ಹೆಣ್ಣುಮಕ್ಕಳಾದರೇ ಹೊರತು ಗಂಡುಮಗನಾಗಲಿಲ್ಲ. 1807ರಲ್ಲಿ ರಾಣಿಯು ಗತಿಸಿದ ಮೇಲೆ ಅವನ ಚಿತ್ತವು ಕದಡಿತು. ಹಿರಿಯ ಮಗಳು ದೇವಮ್ಮಾಜಿಯೇ ಪಟ್ಟವೇರಬೇಕೆಂದು ನಿಶ್ಚಯಿಸಿ, ಕುಂಪಣಿಯವರಿಗೂ ತಿಳಿಸಿ, ತನ್ನ ವಂಶದ ಚರಿತ್ರೆಯನ್ನು ರಾಜೇಂದ್ರನಾಮೆಯೆಂಬ ಹೆಸರಿನಿಂದ ಬರೆಯಿಸಿ, 1809ರಲ್ಲಿ ಅವನು ಕಣ್ಮುಚ್ಚಿದನು. ಕೊನೆಯ ವರುಷಗಳಲ್ಲಿ ಅವನು ಸುತ್ತಲಿದ್ದವರಲ್ಲೆಲ್ಲ ದ್ರೋಹವನ್ನೇ ಕಂಡು ಅನೇಕರ ತಲೆ ತೆಗೆಸಿದನು. ಸಂಶಯವು ಈ ಮನೆಯನ್ನು ಹೊಕ್ಕದ್ದು ಚಿಕ್ಕವೀರರಾಜನಿಂದಲೇ ಎಂದು ಹೇಳುವವರು ಈ ಅಂಶವನ್ನು ಮರೆಯುತ್ತಾರೆ.

ಸತ್ತ ಅರಸನ ತಮ್ಮನಾದ ಇನ್ನೊಬ್ಬ ಲಿಂಗರಾಜೇಂದ್ರನಿಗೆ ಅಲ್ಲಿಯವರೆಗೆ ಗದ್ದುಗೆಯ ಆಶೆಯಿದ್ದಿತೋ ಇಲ್ಲವೋ ಹೇಳುವುದು ಕಷ್ಟ. ಅದು ಅಣ್ಣನ ಕೈಯಲ್ಲಿ ಇರುವವರೆಗೂ ಅವನು ಸುಮ್ಮನಿದ್ದನು. ಒಬ್ಬ ಬಾಲಿಕೆಯ ಕೈಗೆ ಬಂದಾಗ ಸುಮ್ಮನಿರಲಾರನಾದನು. ಮೊದಲು ಹಿತೈಷಿಯಾಗಿ ಬಂದನು, ಆಮೇಲೆ ದಿವಾನನಾದನು, 1811ರಲ್ಲಿ ಅಣ್ಣನ ಮಗಳನ್ನು ಸರಿಸಿ ತಾನೇ ಅರಸನಾದನು. ಹೈದರನು ಹಿಡಿದ ನೆವವೂ ಇದೇ ಎಂಬುದನ್ನು ಗಮನಿಸಬೇಕು: ಚಿಕ್ಕವರು ದೊಡ್ಡವರಾಗುವವರೆಗೆ ನೋಡಿಕೊಳ್ಳುವೆನೆಂಬುದು. ಬಾಲ್ಯದಲ್ಲಿ ಅಣ್ಣನ ಜೊತೆ ಸೆರೆಯಲ್ಲಿ ಕುಳಿತು ಅನುಭವಿಸಿದ ಅನ್ಯಾಯವನ್ನು ಲಿಂಗರಾಜೇಂದ್ರನು ಅಣ್ಣನ ಮಗಳ ಮೇಲೆ ಹಾಗೆಯೇ ನಡೆಯಿಸಿದನು. ಆದರೂ ಅವನು ದಕ್ಷನಾದ ಅರಸು. ಮಡಿಕೇರಿಯ ಕೋಟೆಯೊಳಗಿನ ಅರಮನೆಯೂ 1820ರಲ್ಲಿ ಪೂರೈಸಿದ ಓಂಕಾರೇಶ್ವರ ದೇವಾಲಯವೂ ಅವನು ಕಟ್ಟಿಸಿದವು. ಅದೇ ವರುಷ ಅವನು ಲಿಂಗೈಕ್ಯನಾದನು.

ಅವನ ಮಗನೇ ಚಿಕ್ಕವೀರರಾಜೇಂದ್ರ. ಪಟ್ಟವೇರಿದಾಗ ವಯಸ್ಸು ಸುಮಾರು ಇಪ್ಪತ್ತು. ತಂದೆಯು ದೊಡ್ಡಪ್ಪನ ಮಗಳ ಗದ್ದುಗೆಯನ್ನು ಕಿತ್ತುಕೊಂಡಾಗ ಅವನು ಎಲ್ಲವನ್ನೂ ನೋಡಿ ತಿಳಿಯತಕ್ಕ ಬಾಲಕನಾಗಿದ್ದನು. ಮಠದ ಓದು, ಲಿಂಗಪೂಜೆ, ಬೇಟೆ, ಕುದುರೆ ಎಲ್ಲವೂ ಅವನಿಗೆ ಕಲಿಸಲ್ಪಟ್ಟಿರಬಹುದು; ಆದರೆ ಅವನ ಮನಸ್ಸಿನಲ್ಲಿ ನಿಂತ ಪಾಠ ಒಂದೇ. ಗದ್ದುಗೆಯ ಸಮೀಪದಲ್ಲಿರುವವನು ಗದ್ದುಗೆಯನ್ನು ಬಯಸಿಯೇ ಬಯಸುವನು. ಬಂಧುವಾದರೆ ಇನ್ನೂ ಹೆಚ್ಚು ಬಯಸುವನು. ಇದನ್ನು ಅವನಿಗೆ ಯಾವ ಶತ್ರುವೂ ಕಲಿಸಲಿಲ್ಲ.

ಪಟ್ಟವಾದ ಹೊಸತರಲ್ಲಿಯೇ ತಂದೆಯ ಕಾಲದಲ್ಲಿ ತನಗೆ ಅಪ್ರಿಯರಾಗಿದ್ದವರನ್ನು ಹುಡುಕಿ ಕೊಲ್ಲಿಸಿದನೆಂದೂ, ಸೆರೆಯಲ್ಲಿದ್ದ ದೊಡ್ಡಪ್ಪನ ಮಗಳು ದೇವಮ್ಮಾಜಿಯನ್ನೂ ಬಂಧುಗಳನ್ನೂ ಕಾಲಕ್ರಮದಲ್ಲಿ ಇಲ್ಲದಂತೆ ಮಾಡಿದನೆಂದೂ ಹಿಂದಿನ ಚರಿತ್ರಕಾರರು ಬರೆದಿದ್ದಾರೆ. ಇವರಲ್ಲಿ ಮುಖ್ಯನಾದವನು 1855ರಲ್ಲಿ ಕೊಡಗಿನ ವೃತ್ತಾಂತವನ್ನು ಪ್ರಕಟಿಸಿದ ಜರ್ಮನಿಯ ಪಾದ್ರಿ ಹೆರ್ಮನ್ ಮೋಗ್ಲಿಂಗ್. ಅವನು ಅರಸನ ಪಕ್ಷದವನಲ್ಲ. ಅರಸನು ಕೈಲಾಗದವನಾದ ಮೇಲೆ ಬರೆದವನು. ಆದುದರಿಂದ ಸಂಖ್ಯೆಗಳನ್ನೂ ಕಥೆಗಳನ್ನೂ ಹಾಗೆಹಾಗೆಯೇ ನಂಬಬೇಕಾಗಿಲ್ಲ. ಆದರೆ ಅರಸನು ಕ್ರೂರನಾಗಿದ್ದನೆಂಬುದನ್ನು ಅಲ್ಲಗಳೆಯಲು ಬರುವಂತಿಲ್ಲ. ನಮ್ಮ ಮತದವನೆಂಬ ಅಭಿಮಾನದಿಂದ ಅದನ್ನು ಮುಚ್ಚುವುದು ಶರಣರಿಗೆ ಒಪ್ಪುವ ಕೆಲಸವಲ್ಲ.

ಹೀಗೆ ಬಂಧುಗಳಲ್ಲಿ ನಂಬಿಕೆ ಹೋದವನಿಗೆ ನಂಬಲು ಯಾರಾದರೂ ಬೇಕಷ್ಟೆ. ಗದ್ದುಗೆಗೆ ಎಂದೆಂದಿಗೂ ಹಕ್ಕುದಾರನಾಗಲಾರದವನೊಬ್ಬನನ್ನು ಅವನು ಹುಡುಕಿಕೊಂಡನು. ಅವನೇ ಬಸವ; ಕಾಲು ಕುಂಟಾದುದರಿಂದ ಕುಂಟಬಸವನೆಂದು ಪ್ರಸಿದ್ಧ. ಅರಮನೆಯ ಸೇವಕವರ್ಗದಿಂದ ಮೇಲೆ ಬಂದ ಈತನು ಅರಸನ ಆಪ್ತನಾಗಿ ಕೊನೆಗೆ ದಿವಾನಗಿರಿಯನ್ನೂ ಪಡೆದನು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ 1956ರ ಕಾದಂಬರಿಯನ್ನು ಓದಿದವರು ಬಸವನ ಜನ್ಮದ ವಿಷಯದಲ್ಲಿ ಒಂದು ಕಥೆಯನ್ನು ಬಲ್ಲರು. ಅದು ಕವಿಯ ಕಲ್ಪನೆಯೆಂದು ತಿಳಿಯಬೇಕೇ ಹೊರತು ಚರಿತ್ರೆಯೆಂದಲ್ಲ. ಚರಿತ್ರೆಯಲ್ಲಿ ಕಾಣುವ ಬಸವನಿಗೆ ಮನೆತನವಿಲ್ಲ, ಒಕ್ಕಲಿಲ್ಲ, ಅವನಿಗಾಗಿ ಕತ್ತಿ ಹಿಡಿಯುವ ದಾಯಾದಿಗಳಿಲ್ಲ. ಕೊಡಗಿನಲ್ಲಿ ಮನುಷ್ಯನ ಬಲವೆಲ್ಲ ಅವನ ಒಕ್ಕದಲ್ಲಿರುತ್ತದೆ. ಕೊಡವ ಮನೆತನಗಳ ದಿವಾನರಿಗೆ ಬೆನ್ನ ಹಿಂದೆ ನೂರಾರು ಜನ ಬಂಧುಗಳಿದ್ದರು. ಬಸವನಿಗೆ ಅರಸನ ದಯೆಯೊಂದೇ ಆಧಾರ. ಅರಸನು ಅವನನ್ನು ಆರಿಸಿದುದು ಇದಕ್ಕಾಗಿಯೇ. ಇದೇ ಗುಣವು ಮುಂದೆ ಇನ್ನೊಂದು ಕೆಲಸಕ್ಕೂ ಒದಗಿತು. ಯಾರ ಪರವಾಗಿ ಯಾರೂ ಬರಲಾರರೋ ಅವನ ತಲೆಯ ಮೇಲೆ ಏನನ್ನು ಬೇಕಾದರೂ ಹೇರಬಹುದು.

ಅರಸನಿಗೆ ಒಬ್ಬಳು ತಂಗಿ. ಅವಳ ಹೆಸರೂ ದೇವಮ್ಮಾಜಿ. ಚನ್ನಬಸವನೆಂಬವನಿಗೆ ಅವಳನ್ನು ಕೊಟ್ಟಿತ್ತು. ತಂಗಿಯ ಗಂಡನೆಂದರೆ ಮನೆಯ ಮಗನಿದ್ದಂತೆ. ಈ ಮನೆಯಲ್ಲಾದರೋ ಮನೆಯ ಮಗನಾಗುವುದೇ ಅಪಾಯಕರವಾಗಿತ್ತು. ತನ್ನ ತಂದೆಯು ಹಿಡಿದ ದಾರಿಯನ್ನೇ ಭಾವನು ಹಿಡಿಯುವನೆಂದು ಅರಸನು ಹೆದರಿದನು. ಅರಸನು ತನ್ನನ್ನು ಕೊಲ್ಲಿಸುವನೆಂದು ಚನ್ನಬಸವನು ಹೆದರಿದನು. ಪರಸ್ಪರ ಭಯವು ಇಬ್ಬರನ್ನೂ ಒಂದೇ ಎರಕದಲ್ಲಿ ಹೊಯ್ದಿತು: ಅವನು ಇವನ ಪ್ರಾಣಕ್ಕೆ ಹವಣಿಸುವನೆಂದು ಇವನು, ಇವನು ಅವನ ಸ್ಥಾನಕ್ಕೆ ಹವಣಿಸುವನೆಂದು ಅವನು. 1832ರಲ್ಲಿ ಚನ್ನಬಸವ ದೇವಮ್ಮಾಜಿಯರು ಗಡಿಯನ್ನು ದಾಟಿ ಮೈಸೂರಿನ ಆಂಗ್ಲ ರೆಸಿಡೆಂಟನಾದ ಕಾಸಾಮೈಜರನ ರಕ್ಷಣೆಯನ್ನು ಬೇಡಿದರು. ಅರವತ್ತು ವರುಷಗಳ ಹಿಂದೆ ಹಾಲೇರಿಯ ಲಿಂಗರಾಜನು ಹೈದರನ ಬಾಗಿಲಿಗೆ ಹೋದಂತೆಯೇ ಇದು. ಹೊರಗಿನವನು ಮಾತ್ರ ಬೇರೆ.

ಕಾಲವೂ ವಿಷಮವಾಗಿತ್ತು. ನಗರದ ರೈತರ ದಂಗೆಯ ನೆವದಿಂದ 1831ರಲ್ಲಿ ಕುಂಪಣಿಯವರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ತೆಗೆದುಕೊಂಡಿದ್ದರು. ನೆರೆಯ ಮನೆ ಬಿದ್ದುದನ್ನು ಕಂಡೂ ಕೊಡಗಿನ ಅರಸನು ಎಚ್ಚರಗೊಳ್ಳಲಿಲ್ಲ. ತಂಗಿಯನ್ನೂ ಭಾವನನ್ನೂ ತನಗೆ ಒಪ್ಪಿಸಬೇಕೆಂದು ಮತ್ತೆ ಮತ್ತೆ ಬರೆದನು. ಕುಂಪಣಿಯು ಒಪ್ಪಲಿಲ್ಲ. ಮಲೆಯಾಳದಿಂದ ದೂತನಾಗಿ ಬಂದ ಕರುಣಾಕರ ಮೇನೋನನನ್ನು ಹಿಡಿದಿಟ್ಟುಕೊಂಡು, ಅವರನ್ನು ಕೊಟ್ಟರೆ ಇವನನ್ನು ಬಿಡುವೆನೆಂಬ ಹಟಕ್ಕೆ ಬಿದ್ದನು. ನಾಡು ಹೋಗುತ್ತಿದ್ದರೂ ಅವನ ದೃಷ್ಟಿಯೆಲ್ಲ ಆ ಇಬ್ಬರ ಮೇಲೆಯೇ. ಸ್ಪರ್ಧೆಯ ಒಂದು ಲಕ್ಷಣವಿದು: ಯಾವ ವಸ್ತುವಿಗಾಗಿ ಕಾದಾಟವು ಮೊದಲಾಯಿತೋ ಅದು ಮರೆತುಹೋಗಿ ಎದುರಾಳಿಯೊಬ್ಬನೇ ಉಳಿಯುತ್ತಾನೆ.

1834ರ ಮಾರ್ಚಿಯಲ್ಲಿ ಕರ್ನಲ್ ಫ್ರೇಸರನು ಕುಂಪಣಿಯ ಪರವಾಗಿ ಒಂದು ಘೋಷಣೆಯನ್ನು ಹೊರಡಿಸಿದನು. ಪ್ರಜೆಗಳ ಮೇಲಿನ ಕ್ರೌರ್ಯ, ಕುಂಪಣಿಗೆ ಅವಿಧೇಯತೆ, ದೂತನ ಬಂಧನ ಇವೇ ಮೊದಲಾದ ಅಪರಾಧಗಳನ್ನು ಎಣಿಸಿ, ವೀರರಾಜನನ್ನು ಇನ್ನು ಅರಸನೆಂದು ಗಣಿಸುವುದಿಲ್ಲವೆಂದು ಅದರಲ್ಲಿ ಸಾರಿದನು. ಏಪ್ರಿಲ್ ಮೊದಲಲ್ಲಿ ದಂಡು ನಾಲ್ಕು ಕಡೆಯಿಂದ ಕೊಡಗನ್ನು ಹೊಕ್ಕಿತು. ಉತ್ತರದಲ್ಲಿ ಸೋಮವಾರಪೇಟೆಯ ಕಡೆಯ ಬಕ್ಕದಲ್ಲಿ ಮಾತಂಡ ಅಪ್ಪಚ್ಚುವಿನ ಜನರು ಮರದ ತಡೆಗೋಟೆಯ ಹಿಂದೆ ನಿಂತು ಆಂಗ್ಲರನ್ನು ಹಿಮ್ಮೆಟ್ಟಿಸಿದರು. ಕರ್ನಲ್ ಮಿಲ್ ಅಲ್ಲಿ ಬಿದ್ದನು. ಪಶ್ಚಿಮದ ಘಟ್ಟದಲ್ಲಿಯೂ ಕೊಡವರು ಕಾದಿದರು. ಆದರೆ ಕಾದುವವರಿಗೆ ಅರಸನ ಮನಸ್ಸು ತಿಳಿಯದಾಯಿತು. ಕಾದಿರೆಂದು ಒಂದು ಅಪ್ಪಣೆ, ನಿಲ್ಲಿಸಿರೆಂದು ಇನ್ನೊಂದು. ದಿವಾನ ಅಪ್ಪಾರಂಡ ಬೋಪು ಆಂಗ್ಲರ ಎದುರು ಹೋಗಿ ಅವರನ್ನು ಮಡಿಕೇರಿಗೆ ಕರೆತಂದನು. 1834ರ ಏಪ್ರಿಲ್ 6ರಂದು ಕೋಟೆಯ ಮೇಲೆ ಕುಂಪಣಿಯ ಬಾವುಟವೇರಿತು.

ಅರಸನು ಆಗ ಇದ್ದುದು ನಾಲ್ಕುನಾಡು ಅರಮನೆಯಲ್ಲಿ. ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ಕಾಡಿನ ನಡುವೆ ದೊಡ್ಡಪ್ಪನು ಕಟ್ಟಿಸಿದ ಆಶ್ರಯಸ್ಥಾನವದು. 1796ರಲ್ಲಿ ದೊಡ್ಡವೀರರಾಜನು ಮಹಾದೇವಮ್ಮಾಜಿಯನ್ನು ವಿವಾಹವಾದ ಮಂಟಪವು ಅದರ ಅಂಗಳದಲ್ಲಿಯೇ ಇದೆ. ಆ ವಿವಾಹದಿಂದ ಹುಟ್ಟಿದ ಮಗಳ ಗದ್ದುಗೆಯ ಮೇಲೆ ಹದಿನಾಲ್ಕು ವರುಷ ಕುಳಿತಿದ್ದವನು ಅದೇ ಮಂಟಪದ ಮುಂದೆ ತನ್ನ ಕೊನೆಯ ಆಲೋಚನೆಯನ್ನು ಮಾಡಿದನು. ಆಲೋಚನೆಯಲ್ಲಿ ಜೊತೆಗಿದ್ದವನು ಬಸವ.

ಬಸವನು ಆಂಗ್ಲರ ಕೈಗೆ ಜೀವಂತವಾಗಿ ಸಿಕ್ಕಲಿಲ್ಲ. ನಡೆದ ದುಷ್ಕೃತ್ಯಗಳೆಲ್ಲವೂ ಬಸವನವೆಂದು ಹೇಳಿ ತಾನು ನಿರ್ದೋಷಿಯೆನಿಸಿಕೊಳ್ಳುವ ಹವಣಿನಿಂದ ಅರಸನೇ ಅವನನ್ನು ಇಲ್ಲವಾಗಿಸಿದನೆಂಬುದು ಹಳೆಯ ಚರಿತ್ರಕಾರರ ನಂಬಿಕೆ. ಸತ್ತವನು ಸಾಕ್ಷಿ ಹೇಳನು. ಕಾಲು ಕುಂಟನಾದವನು, ಕುಲವಿಲ್ಲದವನು, ಎಲ್ಲರ ದ್ವೇಷಕ್ಕೂ ಪಾತ್ರನಾದವನು. ಹರಕೆಯ ಕುರಿಯನ್ನು ಆರಿಸುವಾಗ ಜನರು ನೋಡುವ ಗುರುತುಗಳೆಲ್ಲ ಅವನ ಮೈಮೇಲಿದ್ದವು. ಬಸವನು ಪಾಪಿಯಲ್ಲವೆಂದು ಇದರ ಅರ್ಥವಲ್ಲ. ಅವನ ಕೈಯೂ ರಕ್ತದಲ್ಲಿ ಅದ್ದಿದುದೇ. ಆದರೆ ಹದಿನಾಲ್ಕು ವರುಷಗಳ ಪಾಪಭಾರವೆಲ್ಲ ಒಬ್ಬನ ಹೆಗಲಿಗೇ ಆಗುವಷ್ಟು ಹಗುರವಾಗಿರಲಿಲ್ಲ.

ಏಪ್ರಿಲ್ 10ರಂದು ಅರಸನು ಮಡಿಕೇರಿಗೆ ಬಂದು ಶರಣಾದನು. ಬಸವನ ಮೇಲೆ ಹೊರಿಸಿದ ಹೊರೆಯನ್ನು ಫ್ರೇಸರನು ಅವನ ತಲೆಯಿಂದ ಇಳಿಸಲಿಲ್ಲ. ಮೇ 7ರಂದು ಹೊರಟ ಘೋಷಣೆಯಲ್ಲಿ, ನಾಡವರ ಇಷ್ಟದಂತೆಯೇ ಕೊಡಗನ್ನು ಕುಂಪಣಿಯ ಆಳ್ವಿಕೆಗೆ ಸೇರಿಸಿಕೊಂಡಿರುವುದಾಗಿ ಹೇಳಲಾಯಿತು. ಇಲ್ಲಿ ವಾಚಕರು ಸ್ವಲ್ಪ ನಿಂತು ನೋಡಬೇಕು. ಅರಸನು ಎಲ್ಲಕ್ಕೂ ಬಸವನೇ ಕಾರಣನೆಂದನು; ಕುಂಪಣಿಯು ಎಲ್ಲಕ್ಕೂ ಅರಸನೇ ಕಾರಣನೆಂದಿತು. ಎರಡು ಮಾತುಗಳ ರಚನೆಯೂ ಒಂದೇ. ಅರಸನ ಅಪ್ಪಣೆಗಳನ್ನು ನಡೆಯಿಸಿದ ಕೈಗಳು ಎಷ್ಟೋ ಇದ್ದವು. ಕಂಡೂ ಸುಮ್ಮನಿದ್ದವರು ಇನ್ನೂ ಹೆಚ್ಚು. ಚೆಪ್ಪುಡೀರ ಪೊನ್ನಪ್ಪ, ಅಪ್ಪಾರಂಡ ಬೋಪು ಮೊದಲಾದ ದಿವಾನರು ಹೊಸ ಆಳ್ವಿಕೆಯಲ್ಲಿಯೂ ದಿವಾನರಾಗಿಯೇ ಮುಂದುವರಿದರು. ಅವರು ಅಧಮರೆಂದು ಹೇಳುವುದು ನ್ಯಾಯವಾಗದು. ವ್ಯರ್ಥ ರಕ್ತಪಾತವನ್ನು ತಪ್ಪಿಸಿದರೆಂಬ ಕೀರ್ತಿಯೂ ಬೋಪುವಿಗೆ ಸಲ್ಲಬೇಕು. ಆದರೂ ಒಬ್ಬ ಸತ್ತು ಒಬ್ಬ ಗಡಿಪಾರಾದ ಕೂಡಲೇ ಉಳಿದವರೆಲ್ಲರೂ ಶುದ್ಧರಾದರೆಂಬುದು ಲೆಕ್ಕ ಸರಿಹೋಗದ ಮಾತು. ಕುಂಪಣಿಯ ದುರಾಶೆಯೂ ಆ ಲೆಕ್ಕದಲ್ಲಿ ಕಾಣಿಸಲಿಲ್ಲ. ಮಲೆಯಾಳಕ್ಕೂ ಮೈಸೂರಿಗೂ ನಡುವೆ ಇದ್ದ ಬೆಟ್ಟದ ನಾಡು ತನ್ನದಾಗಬೇಕೆಂಬ ಬಯಕೆ ಅದಕ್ಕೆ ಇರಲಿಲ್ಲವೆಂದು ಯಾರು ಹೇಳಿಯಾರು?

ಹೊರದೂಡಿದವನ ವಿಷಯದಲ್ಲಿ ಜನರ ಮನಸ್ಸು ಬೇಗನೆ ತಿರುಗುವುದುಂಟು. ಕೊಡಗಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕುಂಪಣಿಯು ಕನ್ನಡ ಜಿಲ್ಲೆಗೆ ಸೇರಿಸಿ, ಧಾನ್ಯದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಾಣ್ಯದಲ್ಲಿ ಕೇಳತೊಡಗಿದಾಗ, ಮೂರೇ ವರುಷಗಳಲ್ಲಿ ಅಲ್ಲಿಯ ರೈತರು ಹಾಲೇರಿಯ ಹೆಸರಿನಲ್ಲಿ ಎದ್ದರು. ತಾನು ಹಾಲೇರಿ ವಂಶದವನೆಂದು ಹೇಳಿಕೊಂಡ ಅಪರಂಪಾರನೆಂಬ ಜಂಗಮವೇಷದವನೊಬ್ಬನು ಮೊದಲೇ ಸೆರೆಯಾಗಿದ್ದನು. ಕಲ್ಯಾಣಸ್ವಾಮಿಯೆಂಬ ಹೆಸರನ್ನು ಇನ್ನೊಬ್ಬನು ಧರಿಸಿದನು. 1837ರ ಏಪ್ರಿಲಿನಲ್ಲಿ ದಂಗೆಯವರು ಮಂಗಳೂರನ್ನೇ ಹಿಡಿದು ಕೆಲವು ದಿನ ಇಟ್ಟುಕೊಂಡರು. ಅದು ಅಡಗಿದ ಮೇಲೆ ಆ ವರುಷದ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯಗೌಡನನ್ನು ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿಸಲಾಯಿತು. ವಂಶದ ಮೊದಲಿಗನು ತೊಟ್ಟಿದ್ದ ಜಂಗಮವೇಷವನ್ನೇ ವಂಶ ಮುಗಿದ ಮೇಲೆಯೂ ಒಬ್ಬನು ತೊಟ್ಟನೆಂಬುದು ವಿಚಿತ್ರ.

ಇತ್ತ ಅರಸನನ್ನು ವೆಲ್ಲೂರಿಗೂ ತರುವಾಯ ಕಾಶಿಗೂ ಕಳುಹಿಸಲಾಯಿತು. ವಿಶ್ವೇಶ್ವರನ ಸನ್ನಿಧಿಯಲ್ಲಿ ಅನೇಕ ವರುಷಗಳ ಬಿಡುವು ದೊರೆತರೂ ಅವನ ಮನಸ್ಸು ಕೊಡಗಿನ ಬೊಕ್ಕಸದಲ್ಲಿಯೇ ಇತ್ತು. ದೊಡ್ಡಪ್ಪನ ಕಾಲದಿಂದ ಕುಂಪಣಿಯ ಸಾಲಪತ್ರಗಳಲ್ಲಿ ತೊಡಗಿಸಿದ್ದ ಹಣವು ತನಗೆ ಬರಬೇಕೆಂದು ಅವನು ವಾದಿಸಿದನು. 1852ರಲ್ಲಿ ಅದಕ್ಕಾಗಿ ಸಮುದ್ರವನ್ನು ದಾಟಿ ಲಂಡನ್ನಿಗೆ ಹೋದನು. ಕಾಶಿಯಲ್ಲಿ ಹುಟ್ಟಿದ ಮಗಳು ಗೌರಮ್ಮನನ್ನೂ ಕರೆದುಕೊಂಡು ಹೋದನು. ಅವಳಿಗೆ ಆಗ ಹನ್ನೊಂದು ವರುಷ. ಅದೇ ವರುಷ ಅವಳಿಗೆ ಕ್ರೈಸ್ತದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ಮಗಳನ್ನು ರಾಣಿಯ ಆಶ್ರಯಕ್ಕೆ ಒಪ್ಪಿಸಿದರೆ ವ್ಯಾಜ್ಯಕ್ಕೆ ಅನುಕೂಲವಾದೀತೆಂದು ಅರಸನು ಎಣಿಸಿದನೆಂದು ಹೇಳುವವರುಂಟು. ತಂದೆಯ ಮನಸ್ಸಿನಲ್ಲಿ ಬೇರೇನಿತ್ತೋ ಶಿವನೇ ಬಲ್ಲ. ಚಾನ್ಸರಿ ನ್ಯಾಯಾಲಯದಲ್ಲಿ ವ್ಯಾಜ್ಯವು ವರುಷಗಟ್ಟಲೆ ನಡೆಯಿತು. ಆ ಹಣವು ಅವನ ಕೈಗೆ ಹತ್ತಲಿಲ್ಲ. ದೊಡ್ಡಪ್ಪನ ಮಗಳ ಗದ್ದುಗೆಗಾಗಿ ಅವನ ತಂದೆಯು ಆರಂಭಿಸಿದ ಹಂಬಲವು ದೊಡ್ಡಪ್ಪನ ಹಣದ ಬಡ್ಡಿಯಲ್ಲಿ ಬಂದು ನಿಂತಿತು. 1859ರಲ್ಲಿ ಅವನು ಲಂಡನ್ನಿನಲ್ಲಿಯೇ ತೀರಿಕೊಂಡನು. ಗೌರಮ್ಮನು ಮರುವರುಷ ಕರ್ನಲ್ ಜಾನ್ ಕ್ಯಾಂಬೆಲ್ ಎಂಬವನನ್ನು ವಿವಾಹವಾಗಿ, 1864ರಲ್ಲಿ, ಇನ್ನೂ ಇಪ್ಪತ್ತೆರಡರ ಪ್ರಾಯದಲ್ಲಿ, ಒಬ್ಬ ಮಗಳನ್ನು ಬಿಟ್ಟು ಮಡಿದಳು.

ಮಡಿಕೇರಿಯ ಊರ ಹೊರಗಿನ ದಿಬ್ಬದ ಮೇಲೆ ಗುಮ್ಮಟಗಳುಳ್ಳ ಮೂರು ಗದ್ದುಗೆಗಳಿವೆ. ಗುಮ್ಮಟದ ಮೂಲೆಗಳಲ್ಲಿ ಬಸವನ ವಿಗ್ರಹಗಳು ಕುಳಿತಿವೆ. ಒಂದು ದೊಡ್ಡವೀರರಾಜೇಂದ್ರ ಮಹಾದೇವಮ್ಮಾಜಿಯರದು. ಅದರ ಬಲಕ್ಕೆ ಲಿಂಗರಾಜೇಂದ್ರನದು. 1820ರಲ್ಲಿ ಮಗನು ಕಟ್ಟಿಸಿದನು. ಎಡಕ್ಕೆ ಅರಸುಮನೆಯ ಗುರುವಾದ ರುದ್ರಪ್ಪನದು; ಅದು ಕಟ್ಟಲ್ಪಟ್ಟುದು 1834ರಲ್ಲಿ. ಸಮೀಪದಲ್ಲಿಯೇ ಟಿಪ್ಪುವಿನೊಡನೆ ಕಾದಿ ಬಿದ್ದ ಬಿದ್ದಂಡ ಬೋಪುವಿನ ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳೂ ಇವೆ. ಕೊನೆಯ ಅರಸನ ಸಮಾಧಿ ಇರುವುದು ಲಂಡನ್ನಿನ ಕೆನ್ಸಲ್ ಗ್ರೀನಿನಲ್ಲಿ. ಕುಂಟಬಸವನದು ಎಲ್ಲಿದೆಯೋ ತೋರಿಸುವವರಿಲ್ಲ.